ಜಾಗ ಎಂಬತ್ತಡಿ ಇರಲಿ, ಡಾಂಬರು ಇಪ್ಪತ್ತಮೂರು ಅಡಿ ಸಾಕು

ಮೈಸೂರಿನ ಹೊರವಲಯಕ್ಕೆ ರಸ್ತೆ ಯೋಜಿಸುವ ಅಧಿಕಾರಿಗಳಿಗೆ, ನಮ್ಮ ಜನಪ್ರತಿನಿಧಿಗಳಿಗೆ, ಮತ್ತು ರಿಂಗ್ ರೋಡ್ ಆಚೆ ಮನೆ ಕಟ್ಟಿಕೊಂಡಿರುವ ನನ್ನ ನೆರೆಹೊರೆಯವರಿಗೆ,

ನಮಸ್ಕಾರ.

ಕಳೆದ ತಿಂಗಳು ನಮ್ಮ ಬಂಡಿದಾರಿಯ ಉದ್ದಕ್ಕೂ ಯಾರೋ ಕೆಂಪು ಬಣ್ಣ ಬಳಿದ ಗೂಟ ನೆಟ್ಟು ಹೋದರು. ಎರಡು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ. ಮೂರನೇ ದಿನ ಟೀ ಅಂಗಡಿಯಲ್ಲಿ ಸುದ್ದಿ ಬಂತು. ಎಂಬತ್ತಡಿ ರಸ್ತೆ ಬರುತ್ತಂತೆ. ಸಂಜೆಯ ಹೊತ್ತಿಗೆ ಅದು ನೂರಡಿ ಆಗಿತ್ತು. ರಾತ್ರಿ ಯಾರೋ ಫೋನ್ ಮಾಡಿ, "ಮೇಷ್ಟ್ರೇ, ಹೈವೇ ಬರುತ್ತಂತೆ, ಮನೆ ಹೋಗುತ್ತಾ?" ಅಂತ ಕೇಳಿದರು. ಈ ಪತ್ರ ಬರೆಯಲೇಬೇಕು ಅಂತ ಅನ್ನಿಸಿದ್ದು ಆಗ.

ನಾನು ಇಲ್ಲಿನ ಒಂದು ಕನ್ನಡ ಶಾಲೆಯ ಮೇಷ್ಟ್ರು. ನಗರ ಯೋಜನೆ ಓದಿದವನಲ್ಲ. ಆದರೆ ಹನ್ನೆರಡು ವರ್ಷದಿಂದ ಇದೇ ಬಡಾವಣೆಯಲ್ಲಿದ್ದೇನೆ. ನನ್ನ ಶಾಲೆಗೆ ಹಳ್ಳಿಯ ಮಕ್ಕಳೂ ಬರುತ್ತಾರೆ, ಲೇಔಟಿನ ಮಕ್ಕಳೂ ಬರುತ್ತಾರೆ, ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ ಬರುತ್ತಾರೆ. ಅವರು ಹೇಗೆ ಬರುತ್ತಾರೆ ಅನ್ನುವುದನ್ನು ದಿನಾ ಗೇಟಿನಲ್ಲಿ ನಿಂತು ನೋಡುತ್ತೇನೆ. ಅದರ ಮೇಲೆಯೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ. ನಮಗೆ ರಸ್ತೆ ಬೇಕು. ತುಂಬಾ ಬೇಕು. ಯಾವ ಥರದ ರಸ್ತೆ ಅನ್ನುವುದೇ ನನ್ನ ಮಾತು.

ಒಂದು ಗೋಡೆಯ ವಿಷಯದಿಂದ ಶುರು ಮಾಡುತ್ತೇನೆ. ನಮ್ಮ ಬಡಾವಣೆಯ ಆರನೇ ಅಡ್ಡರಸ್ತೆ ಒಂದು ಕಾಂಪೌಂಡಿಗೆ ಬಂದು ನಿಲ್ಲುತ್ತದೆ. ಗೋಡೆಯ ಆಚೆ ಇನ್ನೊಂದು ಬಡಾವಣೆ. ಅಲ್ಲೂ ಒಂದು ರಸ್ತೆ ಅದೇ ಗೋಡೆಗೆ ಬಂದು ನಿಲ್ಲುತ್ತದೆ. ಎರಡೂ ಮೂವತ್ತಡಿ ರಸ್ತೆ, ಎರಡಕ್ಕೂ ಡಾಂಬರು ಹಾಕಿದೆ, ಎರಡೂ ಒಂದೇ ನೇರಕ್ಕಿವೆ. ನಡುವೆ ಒಂಬತ್ತು ಇಂಚಿನ ಗೋಡೆ. ಆ ಗೋಡೆಯಲ್ಲಿ ಒಂದಾಳು ತೂರುವಷ್ಟು ಒಂದು ಕಂಡಿ ಇದೆ. ಯಾರು ಒಡೆದರೋ ಗೊತ್ತಿಲ್ಲ. ಎಷ್ಟು ಜನ ತೂರಿದ್ದಾರೆ ಅಂದರೆ, ಕಂಡಿಯ ಎರಡೂ ಬದಿಯ ಇಟ್ಟಿಗೆ ಸವೆದು ನುಣ್ಣಗಾಗಿದೆ. ಮೇಲೆ ಗಾಜಿನ ಚೂರು ನೆಟ್ಟಿರುವುದರಿಂದ ಯಾರೋ ಒಂದು ಸಿಮೆಂಟ್ ಚೀಲ ಮಡಚಿ ಹೊದಿಸಿದ್ದಾರೆ. ನನ್ನ ಏಳನೇ ಕ್ಲಾಸಿನ ಒಬ್ಬ ಹುಡುಗಿ ಪ್ರತಿದಿನ ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿ, ಹ್ಯಾಂಡಲ್ ಓರೆ ಮಾಡಿ, ಆ ಕಂಡಿಯಲ್ಲಿ ತೂರಿಸುತ್ತಾಳೆ. ಬ್ಯಾಗು ಮೊದಲು ಈಚೆ ಬೀಳುತ್ತದೆ. ಆಮೇಲೆ ಸೈಕಲ್ಲು. ಆಮೇಲೆ ಅವಳು.

ಕಂಡಿಯಿಂದ ಬಂದರೆ ಅವಳ ಮನೆಗೆ ಐದು ನಿಮಿಷ. ಕಂಡಿ ಮುಚ್ಚಿದರೆ ರಿಂಗ್ ರೋಡಿಗೆ ಹೋಗಿ, ಲಾರಿಗಳ ಪಕ್ಕ ಸೈಕಲ್ ಹೊಡೆದು, ಇನ್ನೊಂದು ಕಡೆಯಿಂದ ಒಳಗೆ ಬರಬೇಕು. ನಾನೇ ಒಂದು ದಿನ ಸ್ಕೂಟರಿನಲ್ಲಿ ಅಳೆದು ನೋಡಿದೆ. ಎರಡೂವರೆ ಕಿಲೋಮೀಟರು ಆಯಿತು. ಪಕ್ಕದ ಬೀದಿಗೆ ಹೋಗಲು ರಿಂಗ್ ರೋಡಿಗೆ ಇಳಿಯಬೇಕು ಅಂದರೆ, ಆ ರಿಂಗ್ ರೋಡಿಗೂ ಅನ್ಯಾಯ, ನಮಗೂ ಅನ್ಯಾಯ. ಸುಮಾರು 42 ಕಿಲೋಮೀಟರು ಉದ್ದದ ಆ ರಸ್ತೆಯನ್ನು ಮಾಡಿದ್ದು ದೂರದ ವಾಹನಗಳು ಊರೊಳಗೆ ಬರದೆ ಸುತ್ತಿಕೊಂಡು ಹೋಗಲಿ ಅಂತ. ಇವತ್ತು ಹಾಲಿನ ಪ್ಯಾಕೆಟ್ ತರಲು ಹೋಗುವವರೂ ಅದೇ ರಸ್ತೆಯಲ್ಲಿದ್ದಾರೆ.

ಹೀಗೆ ಯಾಕಾಯಿತು ಅಂತ ಕೇಳಿದರೆ ಯಾರೊಬ್ಬರ ಕಡೆಗೂ ಬೆರಳು ತೋರಿಸಲು ನನಗೆ ಇಷ್ಟವಿಲ್ಲ. ಒಂದೊಂದು ಲೇಔಟೂ ಒಂದೊಂದು ಕಾಲಕ್ಕೆ, ಒಂದೊಂದು ಸರ್ವೆ ನಂಬರಿನಲ್ಲಿ ಬಂತು. ಒಬ್ಬರು ನಾಲ್ಕು ಎಕರೆ ಮಾಡಿದರು, ಇನ್ನೊಬ್ಬರು ಹನ್ನೊಂದು ಎಕರೆ ಮಾಡಿದರು. ಪ್ರತಿಯೊಬ್ಬರೂ ತಮ್ಮ ಜಮೀನಿನ ಒಳಗೆ ನಕ್ಷೆ ಬಿಡಿಸಿದರು. ಒಳಗಡೆ ನೋಡಿದರೆ ಎಲ್ಲ ಸರಿಯಾಗಿದೆ. ಸೈಟು, ಪಾರ್ಕು, ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯಕ್ಕೆ ಬಿಡುವ ಸಿಎ ಜಾಗ, ಮೂವತ್ತಡಿ ರಸ್ತೆ, ಪ್ರವೇಶದಲ್ಲಿ ಕಮಾನು. ಹೊರಗಡೆ ಯಾವುದೂ ಯಾವುದಕ್ಕೂ ಕೂಡುವುದಿಲ್ಲ. ಹತ್ತು ಒಳ್ಳೆಯ ಕೋಣೆ ಕಟ್ಟಿ, ಓಡಾಡಲು ಪಡಸಾಲೆಯನ್ನೇ ಬಿಡದ ಮನೆಯ ಹಾಗೆ.

ಆ ಪಡಸಾಲೆಯನ್ನೇ ಯೋಜನೆಯವರು ಕಲೆಕ್ಟರ್ ರಸ್ತೆ ಅನ್ನುತ್ತಾರೆ. ನಮ್ಮ ಬೀದಿಯ ಸಭೆಯಲ್ಲಿ ಈ ಹೆಸರು ಕೇಳಿ ಇಬ್ಬರು ಹಿರಿಯರು ಇದು ಡಿಸಿಯವರು ಮಾಡಿಸುವ ರಸ್ತೆ ಅಂದುಕೊಂಡಿದ್ದರು. ಹಾಗಲ್ಲ. ಸಣ್ಣ ಸಣ್ಣ ಬೀದಿಗಳ ಓಡಾಟವನ್ನು ಕೂಡಿಸಿಕೊಂಡು ದೊಡ್ಡ ರಸ್ತೆಗೆ ಮುಟ್ಟಿಸುವ ರಸ್ತೆ ಇದು. ನಾನು ಕೂಡುರಸ್ತೆ ಅಂತ ಕರೆಯುತ್ತೇನೆ. ಕಾವೇರಿ ಸೀಮೆಯ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ದೊಡ್ಡ ನಾಲೆ ಇರುತ್ತದೆ. ಅದರಿಂದ ವಿತರಣಾ ನಾಲೆ ಹೊರಡುತ್ತದೆ. ಅದರಿಂದ ಹೊಲಗಾಲುವೆ. ನೇರವಾಗಿ ದೊಡ್ಡ ನಾಲೆಗೇ ಹೊಲಗಾಲುವೆ ಕಡಿದರೆ ಏನಾಗುತ್ತದೆ ಅಂತ ಯಾವ ರೈತರನ್ನು ಬೇಕಾದರೂ ಕೇಳಿ. ಏರಿ ಒಡೆಯುತ್ತದೆ, ಗದ್ದೆಯೂ ಕೊಚ್ಚಿ ಹೋಗುತ್ತದೆ. ನಮ್ಮ ಕಡೆ ದೊಡ್ಡ ನಾಲೆ ಇದೆ, ಅದು ರಿಂಗ್ ರೋಡು. ಹೊಲಗಾಲುವೆಗಳಿವೆ, ಅವು ಮೂವತ್ತಡಿ ಬೀದಿಗಳು. ನಡುವಿನದ್ದೇ ಇಲ್ಲ.

ಇದು ಹೊಸ ವಿಷಯವೂ ಅಲ್ಲ. ರಸ್ತೆಗಳ ಅಳತೆ, ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ 1983ರಲ್ಲೇ ನಗರದ ರಸ್ತೆಗಳನ್ನು ನಾಲ್ಕು ಮೆಟ್ಟಿಲು ಮಾಡಿ ಹೇಳಿತ್ತು. ಆ ಕೈಪಿಡಿಯಲ್ಲಿ ಮುಖ್ಯ ರಸ್ತೆಗೆ 50ರಿಂದ 60 ಮೀಟರು ಜಾಗ, ಉಪಮುಖ್ಯ ರಸ್ತೆಗೆ 30ರಿಂದ 40, ಕೂಡುರಸ್ತೆಗೆ 20ರಿಂದ 30, ಒಳಬೀದಿಗೆ 10ರಿಂದ 20 ಮೀಟರು. ಚಂಡೀಗಡವನ್ನು ಕಟ್ಟುವಾಗ ರಸ್ತೆಗಳಿಗೆ ವಿ-1ರಿಂದ ವಿ-7ರವರೆಗೆ ದರ್ಜೆ ಕೊಟ್ಟರು. ಅಲ್ಲಿ ಒಂದು ಸೆಕ್ಟರ್ 800 ಮೀಟರು ಅಗಲ, 1200 ಮೀಟರು ಉದ್ದ. ಅದರೊಳಗೆ ಅಂಗಡಿ ಬೀದಿಯೊಂದು, ಮನೆಗಳ ನಡುವೆ ಸುತ್ತಿ ಬರುವ ಬೀದಿಯೊಂದು ಇರಲೇಬೇಕು ಅಂತ ಮೊದಲೇ ಗೆರೆ ಎಳೆದಿದ್ದರು. ಮನೆ ಬರುವ ಮೊದಲೇ ಅನ್ನುವುದೇ ಇಲ್ಲಿ ಮುಖ್ಯ.

ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ? ನಮ್ಮ ಮೈಸೂರೇ ಇದೆ. ಜಯಲಕ್ಷ್ಮೀಪುರದ ಕಾಳಿದಾಸ ರಸ್ತೆಯಲ್ಲಿ ಒಂದು ಸಂಜೆ ನಡೆದು ನೋಡಿ. ಕುವೆಂಪುನಗರದ ಉದಯರವಿ ರಸ್ತೆಯಲ್ಲಿ ನಡೆದು ನೋಡಿ. ಅವು ಹೆದ್ದಾರಿಯೂ ಅಲ್ಲ, ಮನೆ ಮುಂದಿನ ಬೀದಿಯೂ ಅಲ್ಲ. ಎಡಕ್ಕೂ ಬಲಕ್ಕೂ ಅಡ್ಡರಸ್ತೆಗಳು ಬಂದು ಕೂಡುತ್ತವೆ. ಔಷಧಿ ಅಂಗಡಿ, ಬೇಕರಿ, ಹೂವಿನ ಗಾಡಿ, ಬಸ್ ಸ್ಟಾಪು ಎಲ್ಲ ಅಲ್ಲೇ. ಅಲ್ಲಿಯ ತೊಂದರೆಗಳೂ ನನಗೆ ಗೊತ್ತು. ಪಾರ್ಕಿಂಗ್ ಜಾಸ್ತಿ, ಸಂಜೆ ಗಲಾಟೆ ಜಾಸ್ತಿ. ಆದರೂ ಬಡಾವಣೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಲು ಅಲ್ಲಿನ ಯಾರೂ ರಿಂಗ್ ರೋಡಿಗೆ ಇಳಿಯುವುದಿಲ್ಲ.

ಈಗ ನಮ್ಮ ಸಭೆಯ ವಿಷಯ ಹೇಳಬೇಕು. ಗೂಟ ಬಂದ ಮೇಲಿನ ಭಾನುವಾರ ಗಣಪತಿ ದೇವಸ್ಥಾನದ ಜಗಲಿಯಲ್ಲಿ ಎಲ್ಲರೂ ಸೇರಿದ್ದೆವು. ಎರಡು ಗುಂಪು ಆಯಿತು. ಒಂದು ಗುಂಪಿಗೆ ಸಂತೋಷ. ಬಸ್ ಬರುತ್ತೆ, ಆಂಬುಲೆನ್ಸ್ ಬರುತ್ತೆ, ಸೈಟಿನ ರೇಟು ಏರುತ್ತೆ. ಇನ್ನೊಂದು ಗುಂಪಿಗೆ ಹೆದರಿಕೆ. ಒಬ್ಬರು ಅಮ್ಮ ಎದ್ದು ನಿಂತು ಹೇಳಿದರು: "ಈಗ ನಮ್ಮ ಮಕ್ಕಳು ಬೀದೀಲಿ ಆಡ್ತಾವೆ. ಎಂಬತ್ತಡಿ ಟಾರು ಹಾಕಿದ್ರೆ ರಿಂಗ್ ರೋಡಲ್ಲಿ ಜಾಮ್ ಆದಾಗ ಎಲ್ಲ ಕಾರೂ ಇಲ್ಲೇ ನುಗ್ತಾವೆ. ಆಮೇಲೆ ರಸ್ತೆ ದಾಟಿ ಅಂಗಡಿಗೆ ಹೋಗೋದು ಹೆಂಗೆ?" ಯಾರೂ ಉತ್ತರ ಕೊಡಲಿಲ್ಲ. ನನ್ನ ಹತ್ತಿರವೂ ಆಗ ಉತ್ತರ ಇರಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಎರಡೂ ಗುಂಪಿನವರು ಹೇಳಿದ್ದು ಸರಿ. ರಸ್ತೆ ಇಲ್ಲದಿದ್ದರೆ ಆ ಹುಡುಗಿಗೆ ಗೋಡೆಯ ಕಂಡಿಯೇ ಗತಿ. ಬರೀ ಡಾಂಬರಿನ ರಸ್ತೆ ಬಂದರೆ ಅದೇ ಹುಡುಗಿಗೆ ದಾಟಲಾಗದ ಇನ್ನೊಂದು ಗೋಡೆ ಎದ್ದ ಹಾಗೆ. ಜಾಗ ಎಷ್ಟು ಬಿಡಬೇಕು ಅನ್ನುವುದು ಒಂದು ಪ್ರಶ್ನೆ. ಅದರಲ್ಲಿ ಡಾಂಬರು ಎಷ್ಟು ಹಾಕಬೇಕು ಅನ್ನುವುದು ಬೇರೆ ಪ್ರಶ್ನೆ. ನಾವು ಎರಡನ್ನೂ ಒಂದು ಮಾಡಿಕೊಂಡು ಜಗಳ ಆಡುತ್ತಿದ್ದೇವೆ. ಎಂಬತ್ತಡಿ ರಸ್ತೆ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಎಂಬತ್ತಡಿ ಡಾಂಬರು.

ಎಂಬತ್ತಡಿ ಅಂದರೆ ಹತ್ತಿರ ಹತ್ತಿರ 24 ಮೀಟರು. ನನ್ನ ಕೋರಿಕೆ ಇಷ್ಟು. 24 ಮೀಟರು ಪೂರ್ತಿ ಕಾದಿರಿಸಿ. ಒಂದು ಅಡಿಯನ್ನೂ ಬಿಡಬೇಡಿ. ಅದರಲ್ಲಿ ವಾಹನಕ್ಕೆ 7 ಮೀಟರು, ಅಂದರೆ ಇಪ್ಪತ್ತಮೂರು ಅಡಿ, ಸಾಕು. ಹೋಗಲೊಂದು ಪಥ, ಬರಲೊಂದು ಪಥ. ಎರಡು ಬಸ್ಸು ಎದುರಾದರೂ ಪರಸ್ಪರ ದಾಟಿ ಹೋಗುತ್ತವೆ. ಅದರ ಎರಡೂ ಬದಿಗೆ 2 ಮೀಟರಿನ ಪಟ್ಟಿ, ಅಲ್ಲಿ ಒಂದಿಷ್ಟು ದೂರ ಪಾರ್ಕಿಂಗ್, ಒಂದಿಷ್ಟು ದೂರ ಬಸ್ ಸ್ಟಾಪು, ತರಕಾರಿ ಗಾಡಿ. ಅದರಾಚೆ 2 ಮೀಟರು ಗಿಡ ಮರ, ದೀಪದ ಕಂಬ, ಟ್ರಾನ್ಸ್‌ಫಾರ್ಮರ್. ಅದರಾಚೆ 2 ಮೀಟರು ಸೈಕಲ್ ದಾರಿ. ಕೊನೆಗೆ ಎರಡೂವರೆ ಮೀಟರು ಫುಟ್‌ಪಾತು. ಎರಡೂ ಬದಿ ಸೇರಿಸಿ ಕೂಡಿ ನೋಡಿ, 24 ಸರಿಯಾಗಿ ಬರುತ್ತದೆ. ನಾನು ಇದನ್ನು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಬಿಡಿಸಿ ಮಕ್ಕಳನ್ನು ನಿಲ್ಲಿಸಿದೆ. ಸೈಕಲ್ಲಿನವರು ಸೈಕಲ್ ಪಟ್ಟಿಯಲ್ಲಿ, ನಡೆಯುವವರು ಫುಟ್‌ಪಾತಿನಲ್ಲಿ. ಒಬ್ಬ ಹುಡುಗ ಗಾಲಿಕುರ್ಚಿಯಲ್ಲಿರುವ ತನ್ನ ಅಜ್ಜಿಗೆ ಎಷ್ಟು ಜಾಗ ಬೇಕು ಅಂತ ಎರಡು ಕೈ ಚಾಚಿ ತೋರಿಸಿದ. ಫುಟ್‌ಪಾತಿನಲ್ಲಿ ನಡೆಯಲು ಅಡೆತಡೆ ಇಲ್ಲದ 1.8 ಮೀಟರು ಬೇಕೇ ಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ದಾಟಬಾರದು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಕೈಪಿಡಿಯೇ ಹೇಳುತ್ತದೆ. ಅಜ್ಜಿಯ ಕುರ್ಚಿಗೂ ಎದುರು ಬರುವವರಿಗೂ ಅಷ್ಟು ಸರಿಯಾಗಿ ಸಾಲುತ್ತದೆ.

ಏಳು ಮೀಟರು ಕಡಿಮೆ ಆಯಿತು, ಮುಂದೆ ಟ್ರಾಫಿಕ್ ಜಾಸ್ತಿ ಆದರೆ ಅಂತ ಕೇಳುವವರಿದ್ದಾರೆ. ಇದು ನ್ಯಾಯವಾದ ಪ್ರಶ್ನೆ. ಜಾಗ ಕೈಯಲ್ಲಿದ್ದರೆ ಮುಂದೆ ಬದಲಾಯಿಸಬಹುದು. ಬಸ್ಸಿಗೆ ಬೇರೆ ಪಥ ಬೇಕಾದರೆ ಪಾರ್ಕಿಂಗ್ ಪಟ್ಟಿ ತೆಗೆಯಬಹುದು. ಆದರೆ ಇವತ್ತೇ ಡಾಂಬರು ಅಗಲ ಹಾಕಿದರೆ, ನಾಳೆ ಅದನ್ನು ಕಿತ್ತು ಮರ ನೆಡುವವರು ಯಾರೂ ಇಲ್ಲ. ನಾನಂತೂ ನೋಡಿಲ್ಲ.

ವೇಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೂಡುರಸ್ತೆಗೆ ಗಂಟೆಗೆ 50 ಕಿಲೋಮೀಟರು, ಒಳಬೀದಿಗೆ 30 ಅಂತ 1983ರ ಆ ಕೈಪಿಡಿ ಇಟ್ಟುಕೊಂಡಿತ್ತು. ನಮ್ಮ ರಸ್ತೆಯಲ್ಲಿ ಎರಡು ಶಾಲೆ, ಒಂದು ಅಂಗನವಾಡಿ, ಒಂದು ಸಂತೆ ಮೈದಾನ ಬರುತ್ತವೆ. ಇಲ್ಲಿ 50 ಬೇಡ. ವಿಜ್ಞಾನದ ಮೇಷ್ಟ್ರಾಗಿ ಇದನ್ನು ಹೇಳಬಲ್ಲೆ: ವೇಗ 30ರಿಂದ 50ಕ್ಕೆ ಏರಿದರೆ ಗುದ್ದುವ ಶಕ್ತಿ ಒಂದೂವರೆ ಪಟ್ಟು ಏರುವುದಿಲ್ಲ, ಹತ್ತಿರ ಹತ್ತಿರ 2.8 ಪಟ್ಟು ಏರುತ್ತದೆ. ಸರಾಸರಿ ವೇಗ ಶೇಕಡ 1ರಷ್ಟು ಏರಿದರೆ ಜೀವ ಹೋಗುವಂಥ ಅಪಘಾತದ ಸಾಧ್ಯತೆ ಶೇಕಡ 4ರಷ್ಟು ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಡೆಯುವವರು, ಸೈಕಲ್ಲಿನವರು ವಾಹನಗಳ ಜೊತೆ ಬೆರೆಯುವ ಕಡೆ 30ರ ಮಿತಿ ಇರಲಿ ಅಂತ ರಸ್ತೆ ಸುರಕ್ಷತೆಯ ಬಗೆಗಿನ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಬರೆದಿದ್ದಾರೆ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಹತ್ತಿರ ಹತ್ತಿರ ಐವರಲ್ಲಿ ಒಬ್ಬರು. ಈ ಲೆಕ್ಕ ಕೇಂದ್ರದ ಸಾರಿಗೆ ಸಚಿವಾಲಯದ್ದೇ.

ಬೋರ್ಡು ನೆಟ್ಟರೆ ವೇಗ ಇಳಿಯುವುದಿಲ್ಲ. ರಸ್ತೆ ಅಗಲ ಕಂಡರೆ ಕಾಲು ತಾನಾಗೇ ಆಕ್ಸಿಲರೇಟರ್ ಒತ್ತುತ್ತದೆ. ಅದಕ್ಕೇ 7 ಮೀಟರು ಅನ್ನುತ್ತಿರುವುದು. ಶಾಲೆಯ ಮುಂದೆ ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೇ ಎತ್ತಿ ಕಟ್ಟಿ. ವಾಹನ ಮೇಲೆ ಹತ್ತಿ ಇಳಿಯಲಿ, ಮಕ್ಕಳು ಸಮತಟ್ಟಾಗಿ ದಾಟಲಿ. ಹಂಪ್ ಹಾಕುವುದಾದರೆ ಅಳತೆಗೆ ಹಾಕಿ. ಅಗಲ 3.7 ಮೀಟರು, ನಡುವೆ ಎತ್ತರ 10 ಸೆಂಟಿಮೀಟರ್ ಅಂತ ನಿಯಮ ಇದೆ. ಈಗ ನಮ್ಮ ಬೀದಿಗಳಲ್ಲಿ ಜನ ತಾವೇ ಹಾಕಿಕೊಂಡಿರುವ ದಿಬ್ಬಗಳು ಒಂದಡಿ ಅಗಲ ಇವೆ, ಗೋಡೆಯ ಹಾಗೆ ನಿಂತಿವೆ. ಕಳೆದ ಮಳೆಗಾಲದಲ್ಲಿ ಗರ್ಭಿಣಿಯೊಬ್ಬರನ್ನು ಆಟೋದಲ್ಲಿ ಕರೆದುಕೊಂಡು ಹೋಗುವಾಗ ಅಂಥ ಏಳು ದಿಬ್ಬ ದಾಟಿದೆವು. ಪ್ರತಿ ದಿಬ್ಬಕ್ಕೂ ಅವರು ನನ್ನ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಇನ್ನು ಜಮೀನು. ಎಲ್ಲಕ್ಕಿಂತ ಕಷ್ಟದ್ದು ಇದು. ಇಲ್ಲಿ ನಾನು ಬಡಾವಣೆಯವರ ಪರವಾಗಿ ಮಾತ್ರ ಮಾತಾಡಿದರೆ ತಪ್ಪಾಗುತ್ತದೆ.

ಗೂಟ ನೆಟ್ಟಿರುವ ಬಂಡಿದಾರಿ ಗ್ರಾಮದ ಹಳೆಯ ನಕಾಶೆಯಲ್ಲೇ ಇದೆ. ಚುಕ್ಕೆ ಗೆರೆಯಲ್ಲಿ ಹಳ್ಳಿಯಿಂದ ಹೊರಟು, ಹಳ್ಳ ದಾಟಿ, ಕೆರೆ ಏರಿಯ ಕಡೆ ಹೋಗುತ್ತದೆ. ಈಗಲೂ ಬೆಳಿಗ್ಗೆ ಅದರಲ್ಲಿ ಟ್ರ್ಯಾಕ್ಟರು ಹೋಗುತ್ತದೆ, ಮಧ್ಯಾಹ್ನ ಕುರಿ ಹೋಗುತ್ತವೆ. ದಾರಿಯ ಎರಡೂ ಕಡೆ ಹನ್ನೊಂದು ಹುಣಸೆಮರ. ಇಂಥ ದಾರಿ, ಹಳ್ಳ ಎಲ್ಲ ಬಿ ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಕೊಡದೆ ಸಾರ್ವಜನಿಕರಿಗೆ ಅಂತ ಬಿಟ್ಟ ಜಾಗದಲ್ಲಿ, ಬರುತ್ತವೆ. ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತು ಅಂತ 1964ರ ಭೂ ಕಂದಾಯ ಕಾಯ್ದೆಯ 67ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಹೊಸ ರಸ್ತೆಯನ್ನು ಈ ದಾರಿಯ ಮೇಲೇ ತರುವುದು ಒಳ್ಳೆಯದು. ಅದರ ನೆಲ ನೂರಾರು ವರ್ಷದ ಕಾಲಿಗೆ, ಗಾಲಿಗೆ ಗಟ್ಟಿಯಾಗಿದೆ. ಏರು ಎಲ್ಲಿ, ಇಳಿಜಾರು ಎಲ್ಲಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ನಮ್ಮ ಹಿರಿಯರು ನಡೆದು ನಡೆದು ಕಂಡುಕೊಂಡ ದಾರಿ ಅದು.

ಆದರೆ ಬಂಡಿದಾರಿ ಒಂದೇ ಸಾಲದು. ಗೂಟದಿಂದ ಗೂಟಕ್ಕೆ ಈ ರಸ್ತೆ ಸುಮಾರು 1.6 ಕಿಲೋಮೀಟರು. 24 ಮೀಟರು ಅಗಲಕ್ಕೆ ಲೆಕ್ಕ ಹಾಕಿದರೆ ಒಂಬತ್ತೂವರೆ ಎಕರೆ ಬೇಕು. ಬಂಡಿದಾರಿ ಈಗ 5 ಮೀಟರು ಅಗಲ ಇದೆ ಅಂದುಕೊಂಡರೂ ಅದರಿಂದ ಸಿಗುವುದು ಎರಡು ಎಕರೆ. ಉಳಿದ ಏಳೂವರೆ ಎಕರೆ ಯಾರದ್ದೋ ರಾಗಿ ಹೊಲ, ಯಾರದ್ದೋ ತೆಂಗಿನ ತೋಟ.

ಆ ದಾರಿಯ ಪಕ್ಕದ ಹೊಲದ ಯಜಮಾನರ ಜೊತೆ ಕೂತು ಮಾತಾಡಿದೆ. ಎರಡೂಕಾಲು ಎಕರೆ ಇಟ್ಟುಕೊಂಡಿದ್ದಾರೆ. ರಸ್ತೆ ಬಂದರೆ ಅದರಲ್ಲಿ ಮೂವತ್ತು ಗುಂಟೆ ಹೋಗುತ್ತದೆ. ಅವರು ಹೇಳಿದ ಮಾತು ಹೀಗಿತ್ತು: "ಮೇಷ್ಟ್ರೇ, ರಸ್ತೆಗೆ ಜಾಗ ಕೊಡಲ್ಲ ಅಂತ ನಾನು ಅಂದಿಲ್ಲ. ನಾನೊಬ್ಬನೇ ಯಾಕೆ ಕೊಡಬೇಕು ಅಂತ ಕೇಳ್ತಾ ಇದೀನಿ. ಆ ಕಡೆ ಹೊಲದವನ ಒಂದು ಗುಂಟೆನೂ ಹೋಗಲ್ಲ. ರಸ್ತೆ ಆದ ಮೇಲೆ ಅವನ ಸೈಟು ರೋಡ್ ಸೈಡು ಆಗುತ್ತೆ."

ಇದಕ್ಕಿಂತ ಸರಿಯಾಗಿ ಯಾರು ಹೇಳಲು ಸಾಧ್ಯ? ಬೇಗ ಆಗಲಿ ಅಂತ ಒಂದು ಗೆರೆ ಎಳೆದು, ಗೆರೆಗೆ ಸಿಕ್ಕಿದವರ ಜಮೀನು ಮಾತ್ರ ಹಿಡಿಯಬೇಡಿ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಲ್ಲೇ ಟೌನ್ ಪ್ಲಾನಿಂಗ್ ಸ್ಕೀಮ್ ಅನ್ನುವ ದಾರಿ ಇದೆ. ಆ ಭಾಗದ ಎಲ್ಲರ ಜಮೀನನ್ನೂ ಒಟ್ಟಿಗೆ ನಕ್ಷೆಯಲ್ಲಿ ಸೇರಿಸಿ, ರಸ್ತೆಗೆ, ಪಾರ್ಕಿಗೆ, ಶಾಲೆಗೆ ಬೇಕಾದ ಪಾಲನ್ನು ಎಲ್ಲರಿಂದಲೂ ಸಮನಾಗಿ ತೆಗೆದು, ಉಳಿದದ್ದನ್ನು ಚೌಕಾಕಾರದ ತುಂಡು ಮಾಡಿ ಅವರಿಗೇ ವಾಪಸ್ ಕೊಡುವುದು. ಗುಜರಾತಿನಲ್ಲಿ ಇದನ್ನು ಹಲವು ದಶಕಗಳಿಂದ ಮಾಡುತ್ತಿದ್ದಾರೆ. ಅಹಮದಾಬಾದಿನ 76 ಕಿಲೋಮೀಟರಿನ ಸರ್ದಾರ್ ಪಟೇಲ್ ರಿಂಗ್ ರೋಡಿಗೂ ಹೀಗೇ ಜಾಗ ಹೊಂದಿಸಿದರು. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟರು, ಎಲ್ಲರಿಗೂ ರಸ್ತೆ ಸಿಕ್ಕಿತು. ಅದು ಆಗದಿದ್ದರೆ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪೂರ್ತಿ ಪರಿಹಾರ ಕೊಡಿ. ಹಣದ ಬದಲು ಟಿಡಿಆರ್, ಅಂದರೆ ಬೇರೆ ಕಡೆ ಹೆಚ್ಚು ಕಟ್ಟಲು ಬಳಸುವ ಅಥವಾ ಮಾರುವ ಹಕ್ಕು, ಕೊಡುವುದಾದರೆ ಅದು ಎಲ್ಲಿ ಮಾರಾಟವಾಗುತ್ತದೆ, ಯಾರು ಕೊಳ್ಳುತ್ತಾರೆ ಅನ್ನುವುದನ್ನು ರೈತರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ. ಸುಮ್ನೆ ಒಂದು ಸರ್ಟಿಫಿಕೇಟ್ ಕೈಗೆ ಕೊಟ್ಟು ಕಳಿಸಬೇಡಿ. ರಾಗಿ ಬೆಳೆಯುವವರು ಆ ಕಾಗದ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು?

ಇದನ್ನೆಲ್ಲ ಈಗಲೇ ಮಾಡಬೇಕು. ಈಗ ಆ ದಾರಿಯ ಎರಡು ಬದಿಯಲ್ಲಿ ಮನೆ ಇರುವುದು ನಾಲ್ಕೇ ನಾಲ್ಕು. ಉಳಿದದ್ದು ಹೊಲ, ಬೀಳು, ಕಲ್ಲು ಕಂಬ ನೆಟ್ಟ ಸೈಟು. ಇನ್ನೆರಡು ವರ್ಷ ಬಿಟ್ಟರೆ ಪಾಯ ಏಳುತ್ತದೆ. ಸಾಲ ಮಾಡಿ ಕಟ್ಟಿದ ಮನೆಗೆ ಆಮೇಲೆ ಕೆಂಪು ಗುರುತು ಹಾಕಬೇಕಾಗುತ್ತದೆ. ಆಗ ಅಳುವ ಮನೆಯವರಿಗೆ ನಾವು ಯಾರೂ ಮುಖ ತೋರಿಸಲಾಗುವುದಿಲ್ಲ.

ನೀರಿನ ವಿಷಯ. ಬಂಡಿದಾರಿ ಹಳ್ಳ ದಾಟುವ ಕಡೆ ಈಗ ಯಾರೋ ಎರಡು ಹ್ಯೂಮ್ ಪೈಪು ಇಟ್ಟು ಮಣ್ಣು ಹಾಕಿದ್ದಾರೆ. ಜೋರು ಮಳೆ ಬಂದರೆ ನೀರು ಅದರ ಮೇಲೇ ಹರಿಯುತ್ತದೆ. ಹೊಸ ರಸ್ತೆಗೆ ಅಲ್ಲಿ ಹಳ್ಳದ ಪೂರ್ತಿ ಅಗಲಕ್ಕೆ ಸೇತುವೆ ಬೇಕು. ಹಳ್ಳವನ್ನು ಪೈಪಿನ ಅಳತೆಗೆ ಇಳಿಸಬೇಡಿ. ಆ ಹಳ್ಳ ಕೆರೆಗೆ ಹೋಗುತ್ತದೆ. ರಸ್ತೆಯ ಚರಂಡಿಗೆ ಯುಜಿಡಿ (ಒಳಚರಂಡಿ) ನೀರು ಸೇರಿದರೆ ಕೆರೆಯ ಗತಿ ಏನಾಗುತ್ತದೆ ಅಂತ ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಪೈಪು, ಕೇಬಲ್ಲು ಎಲ್ಲ ಡಾಂಬರಿಗಿಂತ ಮೊದಲು ಹೋಗಲಿ. ನಮ್ಮ ಬಡಾವಣೆಯ ಮುಖ್ಯ ಬೀದಿಗೆ ಡಾಂಬರು ಹಾಕಿದ ಮೂರೇ ತಿಂಗಳಿಗೆ ಕುಡಿಯುವ ನೀರಿನ ಪೈಪಿಗೆ ಅಂತ ಅಗೆದರು. ಅದನ್ನು ಮುಚ್ಚುವಷ್ಟರಲ್ಲಿ ಕೇಬಲ್ಲಿನವರು ಬಂದರು. ಆ ಬೀದಿ ಇವತ್ತಿಗೂ ನೆಟ್ಟಗಾಗಿಲ್ಲ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಎಲ್ಲ ಪೈಪು, ಕೇಬಲ್ಲುಗಳನ್ನು ಫುಟ್‌ಪಾತಿನ ಕೆಳಗೆ ತಂದರು. ಕೆಟ್ಟರೆ ಮುಚ್ಚಳ ತೆಗೆದು ಸರಿ ಮಾಡಬಹುದು, ರಸ್ತೆ ಮುಟ್ಟಬೇಕಾಗಿಲ್ಲ. ಅಷ್ಟು ದುಬಾರಿ ಕಲ್ಲು ನಮಗೆ ಬೇಡ. ಆ ಕ್ರಮ ಬೇಕು.

ಮರಗಳ ಬಗ್ಗೆ ಒಂದೇ ಮಾತು. ಆ ಹನ್ನೊಂದು ಹುಣಸೆಮರ ಉಳಿಯಬೇಕು. ರಸ್ತೆಯ ನಡುಗೆರೆಯನ್ನು ಸ್ವಲ್ಪ ಪೂರ್ವಕ್ಕೆ ಸರಿಸಿದರೆ ಏಳು ಮರ ಗಿಡಗಳ ಪಟ್ಟಿಗೆ ಸರಿಯಾಗಿ ಬರುತ್ತವೆ, ನಾನು ಟೇಪು ಹಿಡಿದು ನೋಡಿದ್ದೇನೆ. ಉಳಿದ ನಾಲ್ಕಕ್ಕೆ ಪಾರ್ಕಿಂಗ್ ಪಟ್ಟಿ ಅಲ್ಲಿ ಮುರಿಯಲಿ. ರಸ್ತೆ ಗೆರೆ ಹೊಡೆದ ಹಾಗೆ ನೇರ ಇರಲೇಬೇಕು ಅಂತ ಏನಿಲ್ಲ. ಸ್ವಲ್ಪ ಬಳುಕಿದರೆ ವಾಹನವೂ ನಿಧಾನ ಆಗುತ್ತದೆ. ಹೊಸದಾಗಿ ನೆಡುವುದಾದರೆ ಹೊಂಗೆ, ಬೇವು, ನೇರಳೆ ನೆಡಿ. ಎಲ್ಲವೂ ಈ ನೆಲದ್ದೇ.

ಈ ರಸ್ತೆಗೆ ಕೂಡುವ ಬೀದಿಗಳ ಬಗ್ಗೆ ಒತ್ತಿ ಹೇಳಬೇಕು. ಕೂಡುರಸ್ತೆಯ ಹೆಸರೇ ಕೂಡುವುದರಿಂದ ಬಂದದ್ದು. ಬರೀ ಎರಡು ತುದಿ ಕೂಡಿ, ನಡುವಿನ ಬಡಾವಣೆಗಳ ಗೋಡೆ ಹಾಗೇ ಉಳಿದರೆ ನಮಗೆ ಸಿಗುವುದು ಇನ್ನೊಂದು ಬೈಪಾಸು. ಹಾಗಾಗಿ ಯಾವ ಯಾವ ಅಡ್ಡರಸ್ತೆ ಎಲ್ಲಿ ಬಂದು ಸೇರುತ್ತದೆ ಅನ್ನುವುದು ನಕ್ಷೆಯಲ್ಲೇ ಇರಲಿ. ಆರನೇ ಅಡ್ಡರಸ್ತೆಯ ಗೋಡೆ ತೆಗೆಯಲು ಎರಡೂ ಬಡಾವಣೆಯವರನ್ನು ಕೂರಿಸಿ ಮಾತಾಡಿಸಿ. ಕಾರು ಬರುವುದು ಬೇಡ ಅಂದರೆ ಅಲ್ಲಿ ಎರಡು ಕಲ್ಲುಕಂಬ ನೆಡೋಣ. ನಡೆಯುವವರು, ಸೈಕಲ್ಲಿನವರು ಹೋಗಲಿ, ಕಾರು ಬೇಡ. ಇದಕ್ಕೆ ನಮ್ಮವರಲ್ಲಿ ಹೆಚ್ಚಿನವರು ಒಪ್ಪುತ್ತಾರೆ, ಕೇಳಿದ್ದೇನೆ. ಇನ್ನು ಮುಂದೆ ಇಲ್ಲಿ ಹೊಸ ಲೇಔಟಿಗೆ ಒಪ್ಪಿಗೆ ಕೊಡುವಾಗ ಅದರ ಒಂದು ರಸ್ತೆಯಾದರೂ ಪಕ್ಕದ ಜಮೀನಿನ ಗಡಿಯವರೆಗೆ ತೆರೆದೇ ಇರಬೇಕು ಅಂತ ಷರತ್ತು ಹಾಕಿ.

ರಸ್ತೆ ರಿಂಗ್ ರೋಡಿಗೆ ಸೇರುವ ಕಡೆ ಸಿಗ್ನಲ್ ಇರಲಿ. ಡಿವೈಡರ್ ಕತ್ತರಿಸಿ ಸುಮ್ಮನೆ ಒಂದು ಕಂಡಿ ಬಿಟ್ಟರೆ ಮೊದಲ ವರ್ಷವೇ ಅಲ್ಲಿ ಹೂವಿನ ಹಾರ ಬೀಳುತ್ತದೆ. ಒಳಗಿನ ದೊಡ್ಡ ಕೂಡುಗಳಿಗೆ ಸಣ್ಣ ವೃತ್ತ ಸಾಕು. ವೃತ್ತ ಕಟ್ಟುವುದನ್ನು ಮೈಸೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಲ್ಲಿ ಲಾರಿಗಳಿಗೆ ಹಗಲು ಹೊತ್ತು ಪ್ರವೇಶ ಬೇಡ. ನಗರ ಬಸ್ಸಿಗೆ ಮೊದಲ ದಿನದಿಂದಲೇ ಜಾಗ ಗುರುತಿಸಿ. ಬಸ್ಸು ಬಂದ ಮೇಲೆ ಸ್ಟಾಪು ನೋಡೋಣ ಅಂದರೆ ಅಷ್ಟರಲ್ಲಿ ಆ ಜಾಗದಲ್ಲಿ ಅಂಗಡಿಯ ಶೆಟರ್ ಬಂದಿರುತ್ತದೆ. 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಸಾರ್ವಜನಿಕ ಬಾಡಿಗೆ ಸೈಕಲ್ ಶುರು ಮಾಡಿ ಇಡೀ ದೇಶಕ್ಕೆ ದಾರಿ ತೋರಿಸಿದ ಊರು ನಮ್ಮದು. ರಿಂಗ್ ರೋಡ್ ಆಚೆಯ ಮಕ್ಕಳಿಗೂ ಒಂದು ಸೈಕಲ್ ದಾರಿ ಕೊಡುವುದು ಈ ಊರಿಗೆ ದೊಡ್ಡದಲ್ಲ.

ಗಾಡಿಯವರನ್ನು ಮರೆಯಬೇಡಿ. ರಸ್ತೆ ಆದ ಮರುದಿನವೇ ಸೊಪ್ಪಿನವರು, ಎಳನೀರಿನವರು, ಸಂಜೆ ಚುರುಮುರಿಯವರು ಬರುತ್ತಾರೆ. ಬರಲೇಬೇಕು, ಅವರಿಲ್ಲದೆ ನಮ್ಮ ಅಡುಗೆಮನೆ ನಡೆಯುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಿ ಅನ್ನುತ್ತದೆ. ನಕ್ಷೆಯಲ್ಲೇ ಜಾಗ ಕೊಟ್ಟರೆ ಫುಟ್‌ಪಾತು ಉಳಿಯುತ್ತದೆ, ಅವರನ್ನು ಓಡಿಸುವ ಕೆಲಸವೂ ತಪ್ಪುತ್ತದೆ.

ಇನ್ನೊಂದು ತೊಡಕು. ನಮ್ಮ ರಸ್ತೆಯ ಒಂದು ತುದಿ ಒಂದು ಸ್ಥಳೀಯ ಸಂಸ್ಥೆಗೆ ಸೇರಿದೆ, ಇನ್ನೊಂದು ತುದಿ ಇನ್ನೊಂದಕ್ಕೆ. 2020ರಲ್ಲಿ ಮೈಸೂರಿನ ಸುತ್ತ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ಹುಟ್ಟಿದವು. ಪಂಚಾಯಿತಿ ಹೋಗಿ ಪಟ್ಟಣ ಆಯಿತು, ಒಳ್ಳೆಯದೇ. ಆದರೆ ನಾವು ಒಂದು ಬೀದಿ ದೀಪಕ್ಕೆ ಹೋದರೂ ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸುತ್ತಾರೆ. ಅರ್ಧ ರಸ್ತೆ ಒಬ್ಬರು, ಇನ್ನರ್ಧ ಇನ್ನೊಬ್ಬರು ಮಾಡಿದರೆ ನಡುವೆ ಇನ್ನೊಂದು ಗೋಡೆ ಏಳುತ್ತದೆ. ಇಡೀ 1.6 ಕಿಲೋಮೀಟರಿಗೆ ಒಂದೇ ನಕ್ಷೆ, ಒಂದೇ ಟೆಂಡರು, ಉತ್ತರ ಕೊಡಲು ಒಬ್ಬರೇ ಎಂಜಿನಿಯರ್ ಇರಲಿ.

ನಕ್ಷೆಯನ್ನು ಆಫೀಸಿನ ಬೀರುವಿನಲ್ಲಿ ಇಡಬೇಡಿ. ದೊಡ್ಡದಾಗಿ, ಕನ್ನಡದಲ್ಲಿ ಪ್ರಿಂಟ್ ಹಾಕಿಸಿ ನಮ್ಮ ದೇವಸ್ಥಾನದ ಜಗಲಿಯಲ್ಲೂ, ಹಳ್ಳಿಯ ಹಾಲಿನ ಡೇರಿಯಲ್ಲೂ ಅಂಟಿಸಿ. ಸರ್ವೆ ನಂಬರು ಇರಲಿ, ಪಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ಗುರುತೂ ಇರಲಿ. ಹುಣಸೆಮರ, ಮಾರಮ್ಮನ ಗುಡಿ, ಬೋರ್‌ವೆಲ್. ಆಕ್ಷೇಪಣೆಗೆ ಸಾಕಷ್ಟು ಸಮಯ ಕೊಡಿ. ಸುಗ್ಗಿಯ ಹೊತ್ತಿನಲ್ಲಿ ಸಭೆ ಇಡಬೇಡಿ, ರೈತರು ಬರಲಾಗುವುದಿಲ್ಲ. ಹೆಂಗಸರು ಬರಬೇಕಾದರೆ ಮಧ್ಯಾಹ್ನ ಮೂರು ಗಂಟೆಗೆ ಇಡಿ.

ಅದಕ್ಕಿಂತ ಮೊದಲು ಒಂದು ಬೆಳಿಗ್ಗೆ ಬನ್ನಿ. ಎಂಟು ಗಂಟೆಗೆ, ಶಾಲೆ ಇರುವ ದಿನ. ಆರನೇ ಅಡ್ಡರಸ್ತೆಯ ಗೋಡೆಯ ಹತ್ತಿರ ಸೇರೋಣ. ಹೊಲದ ಯಜಮಾನರೂ ಬರುತ್ತೇನೆ ಅಂದಿದ್ದಾರೆ, ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಅಮ್ಮನೂ ಬರುತ್ತಾರೆ. ಅಲ್ಲಿಂದ ಬಂಡಿದಾರಿ ಹಿಡಿದು ಹಳ್ಳದವರೆಗೆ ನಡೆದರೆ ಅರ್ಧ ಗಂಟೆ. ಸುಣ್ಣದ ಪುಡಿ, ಐವತ್ತು ಮೀಟರಿನ ಟೇಪು ನಾನು ತರುತ್ತೇನೆ. ಗೂಟದಿಂದ ಗೂಟಕ್ಕೆ ನೆಲದ ಮೇಲೇ ಗೆರೆ ಹಾಕಿ ನೋಡೋಣ. ಹಳ್ಳದ ಹತ್ತಿರ ಕೆಸರಿರುತ್ತದೆ, ಚಪ್ಪಲಿ ಹಾಕಿಕೊಂಡು ಬಂದರೆ ಒಳ್ಳೆಯದು.

ಇತಿ ನಿಮ್ಮ ವಿಶ್ವಾಸಿ,
ರಿಂಗ್ ರೋಡ್ ಆಚೆಯ ಒಬ್ಬ ಶಾಲಾ ಮೇಷ್ಟ್ರು
ಮೈಸೂರು